ತೇಪೆ ಹಾಕಿದ ಸೀಸ

ದೇವೇಂದ್ರಪ್ಪ ಕೆಟ್ಟ ಸಿಟ್ಟಿನ ಮನುಷ್ಯ, ಸುಳ್ಳೇಕೆ ಹೇಳಲಿ. ಹಾವೇರಿ ಕಡೆಯಿಂದ ಬಂದವನು ರಾಜಾಜಿನಗರದ ಎರಡು ಫ್ಯಾಕ್ಟರಿಗಳಲ್ಲಿ ಮೇಸ್ತ್ರಿಗಳ ಮೂತಿಗೆ ಗುದ್ದಿ ಕೆಲಸ ಕಳೆದುಕೊಂಡಿದ್ದ. ಮೂರನೆಯದು ಕಾಮಾಕ್ಷಿಪಾಳ್ಯದಲ್ಲಿ ಮುನಿರಾಜುವಿನ ಶೆಡ್ಡು. ಸೀಸ ಕರಗಿಸಿ ಎರಕ ಹೊಯ್ಯುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲವಾದ್ದರಿಂದ ಅಲ್ಲಿ ಹದಿನಾಲ್ಕು ವರ್ಷ ನಿಂತ. ಮುನಿರಾಜುವೇನು ಕಮ್ಮಿ ಆಸಾಮಿಯಲ್ಲ, ಮಾತಿಗೆ ಮೊದಲು ಸಲಾಕೆ ಎತ್ತುವವನು. ಇಬ್ಬರದೂ ಎಣ್ಣೆ ಸೀಗೇಕಾಯಿ.

ಒಂದು ಪರಮಾಣು ಪ್ರಯೋಗಾಲಯದಿಂದ ಶೆಡ್ಡಿಗೆ ಕೊಲಿಮೇಟರ್ ಕೆಲಸ ಬರುತ್ತಿತ್ತು. ಅದೊಂದು ಸೀಸದ ದಪ್ಪ ಉರುಳೆ, ನಡುವೆ ಪೆನ್ಸಿಲ್ ಗಾತ್ರದ ತೂತು. ಗಾಮಾ ಕಿರಣ ಆ ತೂತಿನಿಂದ ಮಾತ್ರ ನೆಟ್ಟಗೆ ಹೊರಗೆ ಬರಬೇಕು, ಅತ್ತಿತ್ತ ಹೊರಟದ್ದನ್ನೆಲ್ಲ ಸೀಸ ತಡೆಯಬೇಕು. ಅಲ್ಲಿನ ವಿಜ್ಞಾನಿ ವಿಜಯಶ್ರೀ ಒಮ್ಮೆ ಶೆಡ್ಡಿಗೇ ಬಂದು ಹೇಳಿದ್ದರು: "ಒಳಗೆ ಪೊಳ್ಳು ಉಳಿದ್ರೆ ಕಿರಣ ಆ ಕಡೆಯಿಂದ ಹೊರಗೆ ಬರುತ್ತೆ ದೇವೇಂದ್ರಪ್ಪನೋರೆ. ಪಕ್ಕದಲ್ಲಿ ನಾವೇ ಇರ್ತೀವಿ." ಅದನ್ನು ಕೇಳಿದ ಮೇಲೆ ಅವನಿಗೆ ಎರಡು ದಿನ ಊಟ ಸೇರಲಿಲ್ಲ.

ಸೀಸ ಆರುತ್ತಾ ಕುಗ್ಗುತ್ತದೆ. ಪೂರಾ ಗಟ್ಟಿಯಾಗುವವರೆಗೂ ಮೇಲಿನಿಂದ ಬಿಸಿ ಸೀಸ ಹೊಯ್ಯುತ್ತಲೇ ಇರಬೇಕು, ಇಲ್ಲವಾದರೆ ಒಳಗೆ ಪೊಳ್ಳು. 2007ರ ಆಯುಧಪೂಜೆಯ ಹಿಂದಿನ ದಿನ ದೇವೇಂದ್ರಪ್ಪ ಹೀಗೆ ಹೊಯ್ಯುತ್ತಿದ್ದಾಗ ಮುನಿರಾಜು ಬಕೆಟ್ ಹಿಡಿದು ಬಂದ.

"ಸಾಕು, ಒಲೆ ಆರ್ಸೋ! ಶೆಡ್ ತೊಳೀಬೇಕು, ನಾಳೆ ಪೂಜೆ ಕಣೋ!"

"ಇನ್ನೊಂದ್ ತಾಸು ಬೇಕ್ರಿ. ಈಗ ಬಿಟ್ರ ಪೊಳ್ಳ ಬೀಳತೈತಿ."

ಮುನಿರಾಜು ಬಕೆಟ್ಟಿನ ನೀರನ್ನು ಒಲೆಗೆ ಎರಚಿಯೇಬಿಟ್ಟ. ಅದು ಪಾತ್ರೆಯಲ್ಲಿ ಕರಗಿದ್ದ ಸೀಸಕ್ಕೂ ಬಿತ್ತು. ಢಮ್ಮೆಂದು ಸಿಡಿದ ಸೀಸ ದೇವೇಂದ್ರಪ್ಪನ ಕತ್ತು, ತೋಳಿಗೆ ಅಂಟಿಕೊಂಡು ಚರ್ಮ ಕಿತ್ತಿತು. ಅವನು ನೋವಿನಲ್ಲಿ ಚೀರುತ್ತಲೇ ಮುನಿರಾಜುವಿನ ಕೊರಳಪಟ್ಟಿ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಅಕ್ಕಪಕ್ಕದವರು ಬಿಡಿಸಿ ದೇವೇಂದ್ರಪ್ಪನನ್ನು ಆಸ್ಪತ್ರೆಗೆ ಸಾಗಿಸಿದರು. ಇತ್ತ ಮುನಿರಾಜು ರಕ್ತ ಒರೆಸಿಕೊಂಡು, ಉರುಳೆಯ ಬಾಯಿಗೆ ತೆಳ್ಳಗೆ ಸೀಸದ ತೇಪೆ ಹಾಕಿ ಹಳದಿ ಬಣ್ಣ ಬಳಿದ.

ಮರುದಿನ ದೇವೇಂದ್ರಪ್ಪ ಬ್ಯಾಂಡೇಜಿನಲ್ಲೇ ಬಂದಾಗ ಪೂಜೆ ಮುಗಿದಿತ್ತು. ಸುತ್ತಿಗೆ, ಉಳಿ, ಗರಗಸಗಳ ಸಾಲಿನಲ್ಲಿ ಉರುಳೆಯೂ ಕುಂಕುಮ ಹಚ್ಚಿಕೊಂಡು ಕೂತಿತ್ತು.

"ಅದನ್ನ ಕಳಸಬ್ಯಾಡ್ರಿ, ಪೊಳ್ಳೈತಿ. ನಾ ಒಡೀತೀನಿ."

"ಪೂಜೆ ಆಗಿರೋ ಸಾಮಾನು ಕಣೋ. ಇವತ್ತು ಮುಟ್ಟಿದ್ರೆ ಕೈ ಮುರೀತೀನಿ!"

ಆ ದಿನ ಆಯುಧ ಎತ್ತುವುದೆಂದರೇನು! ಪ್ರಸಾದಕ್ಕೆ ಬಂದಿದ್ದ ಹೆಂಗಸರು ಕಿರುಚಿಕೊಂಡರು. ದೇವೇಂದ್ರಪ್ಪ ಲೆಕ್ಕಿಸದೆ ಉಳಿ ಇಟ್ಟು ಬಡಿದ. ಮೆತ್ತನೆಯ ಸೀಸದಲ್ಲಿ ಉಳಿ ನೆಟ್ಟಗೆ ನಿಂತಿತು. ಮುನಿರಾಜುವಿನ ಸಲಾಕೆ ಅವನ ಎಡ ಮುಂಗೈಗೆ ಬಿತ್ತು. ಲಟಕ್ಕೆಂದು ಮೂಳೆ ಮುರಿಯಿತು. ದೇವೇಂದ್ರಪ್ಪ ಬಲಗೈಯಿಂದ ಉಳಿಗೆ ಎರಡನೆಯ ಪೆಟ್ಟು ಹಾಕಿದ. ಸಲಾಕೆ ಬೆನ್ನಿಗೆ ಬಿತ್ತು. ಮಂಡಿಯೂರಿಕೊಂಡೇ ಮೂರನೆಯದನ್ನು ಹಾಕಿದಾಗ ತೇಪೆ ಒಡೆದು ಉಳಿ ಪೂರ್ತಿ ಒಳಗೆ ಬಿದ್ದುಹೋಯಿತು. ಮುಷ್ಟಿ ಹಿಡಿಸುವಷ್ಟು ಪೊಳ್ಳು! ಎತ್ತಿದ ಸಲಾಕೆಯನ್ನು ಮುನಿರಾಜು ಕೆಳಗಿಳಿಸಿದ.

ಎರಡು ದಿನ ಬಿಟ್ಟು ಉರುಳೆ ಒಯ್ಯಲು ಬಂದ ವಿಜಯಶ್ರೀ ಅದನ್ನು ನೋಡಿ, ನಡೆದದ್ದನ್ನು ಕೇಳಿ, ಕೈಗೆ ಕಟ್ಟು ಹಾಕಿಕೊಂಡು ಕೂತಿದ್ದ ದೇವೇಂದ್ರಪ್ಪನಿಗೆ ಕೈ ಮುಗಿದರು.

ಅವನು ತಡೆಯಲಾರದೆ ಅತ್ತುಬಿಟ್ಟ. "ಕೈ ಮುಗೀಬ್ಯಾಡ್ರಿ ಮೇಡಂ. ಹ್ವಾದ ವರ್ಷ ಕಳಿಸಿದ್ದೂ ಹಿಂಗ ಪೊಳ್ಳ. ಹಬ್ಬದ ಗಡಿಬಿಡ್ಯಾಗ ತ್ಯಾಪಿ ಹಚ್ಚಿದಾಂವ ನಾನ. ಕಿರಣದ ವಿಷ್ಯಾ ಆಗ ನಂಗ ಗೊತ್ತಿರಲಿಲ್ಲ. ನೀವು ಹೇಳಿದ ಮ್ಯಾಲೂ ಅಂಜಿ ಬಾಯಿ ಬಿಡಲಿಲ್ಲ."

ವಿಜಯಶ್ರೀಯವರ ಮುಖ ಬಿಳಿಚಿತು. "ಕಿರಣ ಅಳೆಯೋ ನನ್ನ ಬ್ಯಾಡ್ಜ್ ಎರಡು ಸಲ ಜಾಸ್ತಿ ತೋರಿಸ್ತು. ಬ್ಯಾಡ್ಜೇ ಕೆಟ್ಟಿದೆ ಅಂದ್ಕೊಂಡ್ವಿ. ಅದರ ಪೊಳ್ಳು ಯಾವ ಕಡೆಗಿದೆ?"

"ಎಡಕ್ರೀ."

ಅವರು ಛಟೀರೆಂದು ಅವನ ಕೆನ್ನೆಗೆ ಬಾರಿಸಿದರು. ಮೊಬೈಲ್ ತೆಗೆದು ಪ್ರಯೋಗಾಲಯಕ್ಕೆ ಹಚ್ಚಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು: "ಬೀಮ್ ನಿಲ್ಸಿ! ಎಡಗಡೆ ನನ್ನ ಕುರ್ಚೀಲಿ ಈಗ ಯಾರು ಕೂತಿದೀರ?"