ಜೆಲೀ ನೋಡಿಬಂದ ಚಿತ್ರ

ಪ್ಯಾರಿಸ್ಸಿನ ಹತ್ತಿರದ ಅರ್ಜಾಂತೇಯ್ ಊರಿನ ಸೇನ್ ನದಿ ದಂಡೆಯಲ್ಲಿ ಜೆಲೀ ಇಪ್ಪತ್ತು ವರ್ಷ ಊರವರ ಬಟ್ಟೆ ಒಗೆದವಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬಳೇ. ಪ್ಯಾರಿಸ್ಸಿನ ಜನ ದಂಗೆಯೆದ್ದು, ಸೈನ್ಯ ನುಗ್ಗಿ ಅವರನ್ನು ಅಡಗಿಸಿದ ವರ್ಷ, ಅವಳ ತಮ್ಮ ಒಕ್ತಾವ್ ಹರಿದ ಅಂಗಿಯಲ್ಲಿ ಬಂದು ಬಾಗಿಲು ತಟ್ಟಿದ. ದಂಗೆಯಲ್ಲಿ ಬಂದೂಕು ಹಿಡಿದವನು. ಸಿಕ್ಕಿಬಿದ್ದರೆ ಸಮುದ್ರದಾಚೆಯ ದ್ವೀಪದಲ್ಲಿ ಸೆರೆವಾಸ. ಜೆಲೀ ಅವನ ಗಡ್ಡ ಬೋಳಿಸಿ, ಗಂಡನ ನೀಲಿ ಅಂಗಿ ತೊಡಿಸಿ, ಬೇರೆ ಹೆಸರಿಟ್ಟು, ‘ನನ್ನ ಗಂಡನ ಕಡೆಯವನು, ದ್ರಾಕ್ಷಿ ತೋಟದ ಕೆಲಸಕ್ಕೆ ಬಂದಿದ್ದಾನೆ’ ಎಂದು ಊರಿಗೆಲ್ಲ ಹೇಳಿದಳು. ಆ ಸುಳ್ಳು ಗಟ್ಟಿಯಾಗಿಯೇ ನಿಂತಿತು.

ಆ ದಿನಗಳಲ್ಲೇ ಪ್ಯಾರಿಸ್ಸಿನ ಚಿತ್ರಗಾರರು ರೈಲು ಹತ್ತಿ ಊರಿಗೆ ಬರತೊಡಗಿದ್ದರು. ಕೋಣೆಯಲ್ಲಿ ಕೂತು ದೇವತೆಗಳನ್ನೂ ರಾಜರನ್ನೂ ಬರೆಯುವುದನ್ನು ಬಿಟ್ಟು, ಬಿಸಿಲಲ್ಲಿ ನಿಂತು ನೀರು, ದೋಣಿ, ಮೋಡ ಬರೆಯುವವರು. ಅವರಲ್ಲಿ ಲಾರಿವೋ ಎಂಬಾತ ಒಂದು ಬೆಳಿಗ್ಗೆ ಜೆಲೀ ಬಟ್ಟೆ ಒಣಹಾಕುತ್ತಿದ್ದ ಕಡೆಯೇ ಬಂದು ನಿಂತ. ಒಕ್ತಾವ್ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದ. ಅವಳು ಕಣ್ಸನ್ನೆ ಮಾಡುವಷ್ಟರಲ್ಲಿ ಲಾರಿವೋನ ಕುಂಚ ಆಡಿಯಾಗಿತ್ತು.

“ನಮ್ಮನ್ಯಾಕ್ ಬರೀತೀರಿ ಸ್ವಾಮಿ? ಅಲ್ಲಿ ಸೇತುವೆ ಇದೆ, ಅದನ್ನ ಬರ್ಕೊಳಿ.”

“ಸೇತುವೆ ಎಲ್ಲೂ ಹೋಗಲ್ಲಮ್ಮ. ಬಿಸಿಲು ಹೋಗ್ಬಿಡತ್ತೆ.”

ಅವಳು ಅದನ್ನು ಮರೆತೇಬಿಟ್ಟಿದ್ದಳು. ಎರಡು ವರ್ಷದ ಮೇಲೆ, ಏಪ್ರಿಲ್ ತಿಂಗಳಲ್ಲಿ, ಜೊತೆಗೆ ಬಟ್ಟೆ ಒಗೆಯುವ ಓನೊರೀನ್ ಸುದ್ದಿ ತಂದಳು. ಸರ್ಕಾರದ ಪ್ರದರ್ಶನದಲ್ಲಿ ಜಾಗ ಸಿಗದ ಚಿತ್ರಗಾರರೆಲ್ಲ ಸೇರಿ ಪ್ಯಾರಿಸ್ಸಿನಲ್ಲಿ ತಮ್ಮದೇ ಪ್ರದರ್ಶನ ಇಟ್ಟಿದ್ದರು.

“ನೀನೂ ಗೋಡೆ ಮೇಲಿದೀಯಂತೆ ಕಣೇ. ಪಕ್ಕದಲ್ಲೊಬ್ಬ ಗಂಡಸಂತೆ. ಇನ್ನೊಂದ್ ಮದ್ವೆ ಆಗಿದ್ದು ನಮಗ್ ಹೇಳ್ಲೇ ಇಲ್ಲ?”

ಜೆಲೀ ಬಟ್ಟೆ ಅಲ್ಲೇ ಬಿಟ್ಟು ಮನೆಗೆ ಓಡಿದಳು. ಒಕ್ತಾವನ ದವಡೆಯ ಮೇಲೆ ಉದ್ದನೆಯ ಗಾಯದ ಗುರುತಿತ್ತು; ಪೊಲೀಸರಿಗೆ ಅದೊಂದೇ ಸಾಕಿತ್ತು. ಚಿತ್ರಗಾರರು ಒಂದೊಂದು ಕೂದಲನ್ನೂ ಬಿಡದೆ ಬರೆಯುತ್ತಾರೆಂದು ಅವಳು ಕೇಳಿದ್ದಳು.

“ನಾನಿವತ್ತೇ ಬೆಲ್ಜಿಯಂ ಕಡೆ ಹೊರಟೆ,” ಎಂದ ಒಕ್ತಾವ್.

“ಸುಮ್ನೆ ಕೂತ್ಕೋ. ಮೊದ್ಲು ನಾ ನೋಡ್ಕೊಂಡ್ ಬರ್ತೀನಿ.”

ಬಟ್ಟೆಯ ಕಲೆ ತೆಗೆಯುವ ಕ್ಷಾರದ ನೀರಿನ ಸೀಸೆಯನ್ನು ಅವಳು ಶಾಲಿನೊಳಗೆ ಬಚ್ಚಿಟ್ಟುಕೊಂಡಳು. ಬೇರೆ ದಾರಿ ಇಲ್ಲದಿದ್ದರೆ ಚಿತ್ರಕ್ಕೇ ಎರಚಿಬಿಡುವುದು ಎಂದುಕೊಂಡು ರೈಲು ಹತ್ತಿದಳು.

ಪ್ರದರ್ಶನದ ಕೆಂಪು ಗೋಡೆಗಳ ನಡುವೆ ಜನ ಚಿತ್ರಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಗಿಲ ಬಳಿ ಪೊಲೀಸಿನವನೂ ಇದ್ದ. ಜೆಲೀ ತಲೆ ತಗ್ಗಿಸಿಕೊಂಡು ಒಂದೊಂದೇ ಚಿತ್ರ ಹುಡುಕುತ್ತ ಹೋದಳು. ಕೊನೆಗೆ ಸಿಕ್ಕಿತು. ಹೊಳೆಯುವ ನೀರು, ಗಾಳಿಗೆ ಉಬ್ಬಿದ ಬಿಳಿ ಬಟ್ಟೆ, ಅದರ ಮುಂದೆ ಗುಲಾಬಿ ಬಣ್ಣದ ಒಂದು ಮುದ್ದೆ. ಅದು ಅವಳು. ಪಕ್ಕದಲ್ಲಿ ಒಂದು ನೀಲಿ ಗೀರು, ಅದರ ಮೇಲೆ ಕಂದು ಚುಕ್ಕೆ. ಮೂಗಿಲ್ಲ, ಬಾಯಿಲ್ಲ. ದವಡೆಯೇ ಇಲ್ಲ.

ಉದ್ದ ಟೋಪಿಯವನೊಬ್ಬ ಬಗ್ಗಿ ನೋಡಿದ. “ಇದೇನಿದು, ಮನುಷ್ಯನೋ ದೋಣಿ ಕಟ್ಟೋ ಗೂಟಾನೋ?”

“ಗೂಟಾನೇ ಸ್ವಾಮಿ,” ಎಂದಳು ಜೆಲೀ. “ನಂದು ಅದೇ ಊರು.”

ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು, ಸೀಸೆಯನ್ನು ಶಾಲಿನೊಳಗೆ ಇನ್ನಷ್ಟು ಒಳಕ್ಕೆ ತಳ್ಳಿದಳು. ಮತ್ತೆ ಚಿತ್ರ ನೋಡಿದಳು. ಆ ಬೆಳಗಿನ ಗಾಳಿ ಹಾಗೆಯೇ ಬೀಸುತ್ತಿತ್ತು. ನೀಲಿ ಗೀರು ತುಸು ಎಡಕ್ಕೆ ವಾಲಿತ್ತು. ಬುಟ್ಟಿ ಹೊತ್ತರೆ ಒಕ್ತಾವ್ ವಾಲುವುದೂ ಹಾಗೆಯೇ. ಅದು ಅವಳೊಬ್ಬಳಿಗೇ ತಿಳಿಯುವ ಸಂಗತಿ.

ಮೂಲೆಯಲ್ಲಿ ಲಾರಿವೋ ಮುಖ ಬಾಡಿಸಿಕೊಂಡು ನಿಂತಿದ್ದ. ಜೆಲೀ ಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು.

“ಬಹಳ ಚೆನ್ನಾಗಿ ಬರ್ದಿದೀರಿ ಸ್ವಾಮಿ. ಯಾರಿಗೂ ಗುರುತೇ ಹತ್ತಲ್ಲ.”

ನಗಬೇಕೋ ಅಳಬೇಕೋ ತಿಳಿಯದೆ ಅವನು ತಲೆಯಾಡಿಸಿದ.

ಸಂಜೆ ಒಕ್ತಾವ್ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲೇ ಕೂತಿದ್ದ. “ಗಂಟು ಬಿಚ್ಚೋ. ಪ್ಯಾರಿಸ್ಸಿಗೆಲ್ಲ ನೀನೊಂದು ಗೂಟ,” ಎಂದಳು.

“ಗೂಟಾನಾ?” ಅವನಿಗೆ ಸ್ವಲ್ಪ ಬೇಜಾರೇ ಆಯಿತು. “ಅಷ್ಟೊತ್ತು ನಿಂತು ಬರ್ದನಲ್ಲೇ?”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆರು ವರ್ಷದ ಮೇಲೆ ಸರ್ಕಾರ ದಂಗೆಕೋರರಿಗೆಲ್ಲ ಕ್ಷಮೆ ಕೊಟ್ಟಿತು. ಅಂದು ಒಕ್ತಾವ್ ಹೆಂಡದಂಗಡಿಗೆ ಹೋಗಿ, ತನ್ನ ನಿಜವಾದ ಹೆಸರು ಹೇಳಿ, ಇದ್ದವರಿಗೆಲ್ಲ ಒಂದೊಂದು ಲೋಟ ಕುಡಿಸಿದ.