ಹಿಡಿ ಅರಳೆಯ ಗಾದಿ

ಈ ಚಳಿಗಾಲದ ಒಂದು ಬೆಳಿಗ್ಗೆ ಬೈಲಹೊಂಗಲದ ನನ್ನ ಮನೆಯ ಅಟ್ಟದಿಂದ ಇಳಿದುಬಂದ ವಾಸನೆ ಮೊದಲಿಗೆ ಸಣ್ಣಕ್ಕಿಯ ಅನ್ನದ್ದೆಂದೇ ಅನ್ನಿಸಿತು. ಈಗಷ್ಟೇ ಬಸಿದ, ಇನ್ನೂ ಹಬೆಯಾಡುವ ಅನ್ನದ ಘಮ. ನಾನು ಒಲೆ ಹಚ್ಚಿರಲಿಲ್ಲ. ನೆರೆಮನೆಯ ಕಿಟಕಿಗಳೂ ಮುಚ್ಚಿದ್ದವು. ಇನ್ನೊಮ್ಮೆ ಉಸಿರೆಳೆದುಕೊಂಡಾಗ ಆ ಘಮದ ಅಡಿಯಲ್ಲಿ ಕೊಳೆತ ಹಣ್ಣಿನ, ಹಸಿ ಚರ್ಮದ, ಮೂತ್ರದ ಇನ್ನೊಂದು ಪದರ ಮೂಗಿಗೆ ತಾಗಿತು. ಏಣಿ ಹತ್ತಿ ನೋಡುವ ಮೊದಲೇ ನನಗೆ ತಿಳಿಯಿತು, ಪುನುಗುಬೆಕ್ಕು ಒಳಹೊಕ್ಕಿದೆ. ಈ ವಾಸನೆಯನ್ನು ನಾನು ಹಿಂದೆ ಒಂದೇ ಒಂದು ಸಲ ಮೂಸಿದ್ದೆ. ಅದು ಇದೇ ಊರಿನ ಇನ್ನೊಂದು ಓಣಿಯಲ್ಲಿ, ಈಗ ಇಲ್ಲದ ಒಂದು ಮನೆಯಲ್ಲಿ. ಅಲ್ಲಿ ಇಂದು ಅಂಗಡಿಗಳ ಕಟ್ಟಡವೊಂದು ನಿಂತಿದೆ. ಅದರ ಮುಂದೆ ಹಾದುಹೋಗುವಾಗ ನಮ್ಮ ಹೊಸ್ತಿಲು ಯಾವ ಅಂಗಡಿಯ ನೆಲದಡಿಯಲ್ಲಿರಬಹುದೆಂದು ಈಗಲೂ ಅಂದಾಜು ಹಾಕುತ್ತೇನೆ.

ನಮ್ಮದು ಪಿಂಜಾರರ ಮನೆ. ಅರಳೆಯನ್ನು ಬಿಲ್ಲಿನಿಂದ ಹಿಂಜಿ ಗಾದಿ, ದಿಂಬು, ರಜಾಯಿ ಹೊಲಿದುಕೊಡುವುದು ಕುಲಕಸುಬು. ಮಣ್ಣಿನ ಮಾಳಿಗೆಯ ಆ ಮನೆಯ ಪಡಸಾಲೆಯಲ್ಲಿ, ನಡುತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಅಜ್ಜನ ಬಿಲ್ಲು ಜೋತುಬಿದ್ದಿರುತ್ತಿತ್ತು. ಅಜ್ಜನನ್ನು ನಾವು ಮುತ್ಯಾ ಎನ್ನುತ್ತಿದ್ದೆವು, ಅಜ್ಜಿಯನ್ನು ಆಯಿ. ಮುತ್ಯಾ ಕಟ್ಟಿಗೆಯ ಗುಂಡಿನಿಂದ ನರದ ತಂತಿಯನ್ನು ಮೀಟಿದರೆ ಗೋಡೆಗೆ ಒರಗಿ ಕುಳಿತವರ ಬೆನ್ನಿಗೂ ಆ ನಾದ ತಾಗುತ್ತಿತ್ತು. ಗಂಟುಗಟ್ಟಿದ ಅರಳೆ ಹಾಲಿನ ನೊರೆಯಂತೆ ಉಬ್ಬಿ ಏಳುತ್ತಿತ್ತು. ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕೋಲಿನಲ್ಲಿ ಎಳೆಗಳು ದಿನವಿಡೀ ತೇಲುತ್ತಿದ್ದವು. ಆಯಿ ಎಷ್ಟು ಮುಚ್ಚಿಟ್ಟರೂ ಸಾರಿನಲ್ಲಿ ಒಂದೆರಡು ಎಳೆ ಸಿಕ್ಕೇ ಸಿಗುತ್ತಿದ್ದವು. “ಪಿಂಜಾರರ ಮಕ್ಕಳ ಹೊಟ್ಟ್ಯಾಗ ಒಂದೊಂದ ಗಾದಿ ಇರತೈತಿ ನೋಡ್ರಿ” ಎಂದು ಎದುರುಮನೆಯ ಗಂಗವ್ವ ನಗುತ್ತಿದ್ದಳು. ಆಕೆ ಎಮ್ಮೆ ಕಟ್ಟಿ ಹಾಲು ಮಾರುವವಳು, ಓಣಿಯಲ್ಲಿ ಯಾರ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಬೀದಿಯಲ್ಲೇ ನಿಂತು ಹೇಳಬಲ್ಲ ಮೂಗುಳ್ಳವಳು.

ಊರವರ ಮಕ್ಕಳ ಮದುವೆಗೆಲ್ಲ ಗಾದಿ ಹೊಲಿದುಕೊಟ್ಟ ಮನೆಯಲ್ಲಿ ಸ್ವಂತ ಮಗಳ ಗಾದಿಗೆ ಅರಳೆಯನ್ನು ಕೊಳ್ಳುವಂತಿರಲಿಲ್ಲ. ನಿಶ್ಚಯವಾದ ದಿನದಿಂದ ಬಂಧುಗಳ ಪ್ರತಿಯೊಂದು ಮನೆಯಿಂದಲೂ ಒಂದೊಂದು ಹಿಡಿ ಅರಳೆ ಬರಬೇಕು. ಕೊಡುವವರು ತಮ್ಮ ಕೈಯಿಂದಲೇ ಬೀಜ ಬಿಡಿಸಿರಬೇಕು. ಎಲ್ಲವನ್ನೂ ಕೂಡಿಸಿ ಹಿಂಜಬೇಕು. ಯಾವ ಹಿಡಿ ಯಾರದೆಂದು ಆಮೇಲೆ ಯಾರೂ ಹೇಳಲಾಗದು. ಈ ರೂಢಿ ಬೇರೆ ಊರುಗಳ ಪಿಂಜಾರರಲ್ಲೂ ಇತ್ತೇ ಎಂದು ನಾನು ಹಲವರನ್ನು ವಿಚಾರಿಸಿದ್ದೇನೆ, ಖಚಿತವಾದ ಉತ್ತರ ದೊರೆತಿಲ್ಲ. ನಮ್ಮ ಮನೆತನದ ರೂಢಿ ಎಂದಷ್ಟೇ ಬರೆಯಬಲ್ಲೆ. ನನ್ನ ತಂದೆಯ ತಂಗಿ ದಾವಲಬಿ ಅತ್ತಿಯ ಮದುವೆ ಕಿತ್ತೂರಿನ ಹುಡುಗನೊಡನೆ ನಿಶ್ಚಯವಾದಾಗ ಸವದತ್ತಿಯಿಂದ, ರಾಮದುರ್ಗದಿಂದ, ಮುನವಳ್ಳಿಯಿಂದ ಹಿಡಿಗಳು ಬಂದವು. ಕಟಕೋಳದಿಂದ ಆಯಿಯ ಅಕ್ಕ, ಕಣ್ಣು ಕಾಣದ ದೊಡ್ಡಾಯಿ, ಬೆರಳಲ್ಲೇ ತಡಕಿ ಬೀಜ ತೆಗೆದು ಕಳಿಸಿದ ಹಿಡಿಯೂ ಬಂತು. ಅದು ಬಂದ ಕೆಲವೇ ವಾರಗಳಲ್ಲಿ ಆಕೆ ತೀರಿಕೊಂಡಳು. ಅತ್ತಿ ಆ ಹಿಡಿಯನ್ನೂ ಉಳಿದವುಗಳೊಡನೆ ಅಟ್ಟದ ಮೇಲಿನ ದೊಡ್ಡ ಬುಟ್ಟಿಗೆ ಹಾಕಿ, ಮೇಲೆ ತನ್ನ ಹಳೆಯ ಸೀರೆ ಹೊದಿಸಿ ಇಟ್ಟಿದ್ದಳು.

ಶಾಸನಗಳ ತಿಥಿವಾರಗಳನ್ನು ಪಂಚಾಂಗದೊಡನೆ ತಾಳೆ ನೋಡುತ್ತ ಸೇವಾವಧಿ ಕಳೆದವಳಿಗೆ ಇದು ಯಾವ ವರ್ಷವೆಂದು ಗೊತ್ತುಮಾಡದೆ ಮುಂದುವರಿಯಲು ಮನಸ್ಸಾಗದು. ಸವದತ್ತಿಯಲ್ಲಿರುವ ಅಕ್ಕನ ಪ್ರಕಾರ ಅದು ರಂಜಾನ್ ಹಬ್ಬವಾದ ಮೇಲಿನ ತಿಂಗಳು. ನನ್ನ ನೆನಪಿನಲ್ಲಿ ಅದು ಹೊಸ ಹತ್ತಿಯ ಗಾಡಿಗಳು ಪೇಟೆಯಲ್ಲಿ ಸಾಲುಗಟ್ಟಿದ್ದ ಕಾಲ. ರಂಜಾನ್ ವರ್ಷವರ್ಷಕ್ಕೂ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಹತ್ತಿ ತನ್ನ ಋತುವನ್ನು ಬಿಡುವುದಿಲ್ಲ. ಎರಡೂ ಕೂಡಿಬರುವ ವರ್ಷಗಳು ಕೆಲವೇ, ಅವುಗಳಲ್ಲಿ ನಾನು ಶಾಲೆಗೆ ಸೇರಿದ್ದ ಮತ್ತು ಮುತ್ಯಾನ ತೋಳಿನಲ್ಲಿ ಬಿಲ್ಲಿನ ಬಲವಿನ್ನೂ ಉಳಿದಿದ್ದ ವರ್ಷ ಒಂದೇ. ಆ ವರ್ಷಕ್ಕೆ ನಮ್ಮಿಬ್ಬರ ಸಾಕ್ಷ್ಯವೂ ತಾಳೆಯಾಗುತ್ತದೆ.

ಮದುವೆ ಹತ್ತಿರವಾಗಿತ್ತು. ಹೂಲಿ ಹಳ್ಳಿಯ ಒಕ್ಕಲುತನದ ದೊಡ್ಡ ಮನೆಯೊಂದು ಗಾದಿಗಳ ಕೆಲಸಕ್ಕೆ ಕರೆಸಿದ್ದರಿಂದ ಬಿಲ್ಲಿನೊಡನೆ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿ ಕೆಲವು ದಿನ ಉಳಿದೆವು. ಹಿಂದಿರುಗಿ ಬೀಗ ತೆಗೆದಾಗ ಮೊದಲು ಬಂದದ್ದು ಆ ಅನ್ನದ ಘಮ, ಅದರ ಬೆನ್ನಿಗೇ ಹೊಲಸು. ಬೆಲ್ಲದ ಗಡಿಗೆ ಒಡೆದು ಇರುವೆಯ ಸಾಲುಗಳು ಒಲೆಯವರೆಗೆ ಹಬ್ಬಿದ್ದವು. ಅಟ್ಟದಿಂದ ಮಣ್ಣು ಉದುರಿ ಹಾಸಿಗೆಗಳ ಮೇಲೆಲ್ಲ ಬಿದ್ದಿತ್ತು, ಹಿಟ್ಟಿನ ಡಬ್ಬಿ ಉರುಳಿತ್ತು, ಕಂಡಲ್ಲೆಲ್ಲ ಹಣ್ಣಿನ ಬೀಜಗಳು ತುಂಬಿದ ಹಿಕ್ಕೆ. ಹಿಂದಿನ ಮಳೆಗಾಲದಲ್ಲಿ ಹಿತ್ತಲ ಗೋಡೆಯ ತಲೆ ಕುಸಿದು, ಗೋಡೆಗೂ ಮಾಳಿಗೆಗೂ ನಡುವೆ ಸಂದಿ ಬಿದ್ದಿತ್ತು. ಮದುವೆಯ ಓಡಾಟದಲ್ಲಿ ಅದನ್ನು ಮುಚ್ಚುವುದು ಉಳಿದುಹೋಗಿತ್ತು. ಮುತ್ಯಾ ಏಣಿ ಹತ್ತಿದಾಗ ಕಪ್ಪು ಮೋರೆಯ ಪ್ರಾಣಿಯೊಂದು ಆ ಸಂದಿಯಿಂದ ಹೊರಗೆ ಹಾರಿತು. ಅತ್ತಿಯ ಬುಟ್ಟಿಯಲ್ಲಿ, ಬಂಧುಗಳ ಅರಳೆಯ ನಡುವೆ, ಕಣ್ಣು ಬಿಡದ ಮರಿಗಳಿದ್ದವು.

ಮುತ್ಯಾ ಮರಿಗಳನ್ನು ಅಡಿಯ ಅರಳೆಯೊಡನೆಯೇ ಎತ್ತಿ, ಸಂದಿಯ ಬಾಯಲ್ಲಿ ಗೋಣಿಚೀಲದ ಮೇಲೆ ಇಟ್ಟ. ಮರುದಿನ ಬೆಳಗಾಗುವಷ್ಟರಲ್ಲಿ ತಾಯಿ ಅವನ್ನೆಲ್ಲ ಸಾಗಿಸಿಬಿಟ್ಟಿತ್ತು. ಅಲ್ಲಿಯವರೆಗೆ ಎಲ್ಲವೂ ಸರಿಯೇ. ಆಮೇಲೆ ಪಿಂಜಾರನಾದವನು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮುತ್ಯಾ ಮಾಡಿದ. ತೀರ ಹೊಲಸಾದ ಅರಳೆಯನ್ನು ಆರಿಸಿ ಚೆಲ್ಲಿ, ಉಳಿದದ್ದನ್ನೆಲ್ಲ ಪಡಸಾಲೆಯಲ್ಲಿ ಸುರಿದುಕೊಂಡು ಹಿಂಜತೊಡಗಿದ. ಬಾವಿಯಿಂದ ಬಂದ ಅತ್ತಿ ಕೊಡ ಇಳಿಸದೆಯೇ ಕೇಳಿದಳು: “ಅಪ್ಪಾ, ವಾಸನಿ ಹೋಗೂತನಕ ತಡೀಬೇಕಿತ್ತಲ್ಲ?”

“ನೀ ಸುಮ್ನ ಇರವಾ. ಬಿಲ್ಲಿನ ಮುಂದ ಯಾವ ಹೊಲಸ ನಿಂತೈತಿ?”

ಅವನ ಜೀವಮಾನದಲ್ಲಿ ಯಾವುದೂ ನಿಂತಿರಲಿಲ್ಲ. ಮಣ್ಣು, ಸಿಪ್ಪೆ, ಹಳೆಯ ಗಾದಿಗಳ ಧೂಳು ಎಲ್ಲವನ್ನೂ ಆ ತಂತಿ ಉದುರಿಸಿತ್ತು. ಅಂದೂ ಕಸ ಉದುರಿತು, ವಾಸನೆ ಉದುರಲಿಲ್ಲ. ಎಳೆ ಎಳೆ ಬಿಡಿಸಿದಷ್ಟೂ ಅದಕ್ಕೆ ಹೊಕ್ಕು ಕೂಡಲು ಜಾಗ ಸಿಕ್ಕಿತು. ಬುಟ್ಟಿಯ ಒಂದು ಮೂಲೆಯಲ್ಲಿದ್ದದ್ದು ಸಂಜೆಯೊಳಗೆ ಇಡೀ ರಾಶಿಯಲ್ಲಿ ನೆಲೆಸಿತು. ತೇಲುವ ಎಳೆಗಳ ಮೇಲೇರಿ ಗೂಟದ ಬಟ್ಟೆಗಳಿಗೂ ನಮ್ಮ ತಲೆಗೂದಲಿಗೂ ಇಳಿಯಿತು. ಎದುರುಮನೆಯಿಂದ ಗಂಗವ್ವ ಕೂಗಿದಳು: “ಏನ್ರಿ ಆಯಿ, ನೆರಿಹೊರಿಯವರನ್ನ ಬಿಟ್ಟು ಬಿರ್ಯಾನಿ ಏರಿಸೀರೇನು?” ಹೊಸ್ತಿಲವರೆಗೆ ಬಂದವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಅಯ್ಯ ಶಿವನ! ಇದನ್ನ ಉಂಡವರು ಉಳೀತಾರೇನ್ರಿ!” ಎಲ್ಲರೂ ನಕ್ಕರು. ಮುತ್ಯಾ ನಗಲಿಲ್ಲ. ಕೈಯ ಗುಂಡನ್ನು ಕೆಳಗಿಟ್ಟು ರಾಶಿಯಿಂದ ಒಂದು ಹಿಡಿ ಎತ್ತಿ ಮೂಸಿದ. ಮತ್ತೆ ಇನ್ನೊಂದು ಬದಿಯಿಂದ ಎತ್ತಿ ಮೂಸಿದ. ಬಿಲ್ಲನ್ನು ಹಗ್ಗದಿಂದ ಬಿಚ್ಚಿ ಗೋಡೆಗೆ ಒರಗಿಸಿ ಹಿತ್ತಲಿಗೆ ಹೋದ.

ಆಯಿ ಮಗಳನ್ನು ಹತ್ತಿರ ಕೂರಿಸಿಕೊಂಡಳು. “ಪ್ಯಾಟ್ಯಾಗಿಂದ ಬ್ಯಾರೆ ಅರಳಿ ತರೂಣು. ಗಾದಿ ಗವಸಣಿಗಿ ಒಳಗ ಯಾವ ಅರಳಿ ಐತಿ ಅಂತ ಯಾರ ಬಿಚ್ಚಿ ನೋಡತಾರ?”

“ಯಾರೂ ನೋಡೂದಿಲ್ಲವ್ವ. ಮಲಗಾಕಿ ನಾನು, ನನಗ ಗೊತ್ತಿರತೈತಿ” ಎಂದಳು ಅತ್ತಿ. “ಇನ್ನೊಂದ ಹಿಡಿ ಕೊಡಾಕ ಕಟಕೋಳದ ದೊಡ್ಡಾಯಿ ಎದ್ದು ಬರತಾಳೇನು?”

ಅತ್ತಿ ಎದ್ದು ಸೆರಗು ಸಿಕ್ಕಿಸಿದಳು. ಮದುಮಗಳು ಬಿಸಿಲಿಗೆ ಬರಬಾರದು, ಕೈಗೆ ಕೆಲಸ ಹಚ್ಚಬಾರದು ಎಂಬ ಮಾತುಗಳೆಲ್ಲ ಆ ಗಳಿಗೆಯಲ್ಲಿ ಮುಗಿದವು. ಮನೆಯ ಸಾಮಾನನ್ನೆಲ್ಲ ಓಣಿಗೆ ಹೊರಹಾಕಿದೆವು. ಅಟ್ಟದ ಹಾಳಾದ ಮಣ್ಣನ್ನು ಕೆರೆದು ತೆಗೆದು, ತೊಲೆಗಳನ್ನು ಬೇವಿನ ಸೊಪ್ಪು ಕುದಿಸಿದ ನೀರಿನಿಂದ ಉಜ್ಜಿದೆವು. ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಬೂದಿಯಿಂದ ಬೆಳಗಿದೆವು, ನೆಲ ಸಾರಿಸಿದೆವು, ಗೋಡೆಗೆ ಸುಣ್ಣ ಬಳಿದೆವು. ಮುತ್ಯಾ ಕೆರೆಯ ಮಣ್ಣಿಗೆ ಜೋಳದ ಹೊಟ್ಟು ಬೆರೆಸಿ ಹಿತ್ತಲಲ್ಲಿ ಕೆಸರು ಮಾಡಿದ. ಅಕ್ಕ ಮತ್ತು ನಾನು ಒಬ್ಬರ ಹೆಗಲು ಒಬ್ಬರು ಹಿಡಿದು ಅದನ್ನು ತುಳಿದೆವು. ಬೆರಳುಗಳ ಸಂದಿಯಿಂದ ಮೇಲೇಳುತ್ತಿದ್ದ ಆ ತಣ್ಣನೆಯ ಮಣ್ಣು ಈಗಲೂ ನನ್ನ ಪಾದಗಳಿಗೆ ನೆನಪಿದೆ. ಮುತ್ಯಾ ಸಂದಿಗೆ ಕಲ್ಲು ಬಿಗಿದು, ಜಾಲಿಮುಳ್ಳು ತುರುಕಿ, ಮೇಲೆ ಆ ಮಣ್ಣು ಮೆತ್ತಿದ. ಒಣಗಿ ಬಿರುಕುಬಿಟ್ಟಲ್ಲಿ ಮತ್ತೆ ಮತ್ತೆ ಮೆತ್ತಿದ.

ಅರಳೆಯ ಪಾಡು ಬೇರೆಯೇ ಇತ್ತು. ಹಿಂಜದ ಅರಳೆಯಾಗಿದ್ದರೆ ಮಾಳಿಗೆಯ ಮೇಲೆ ಹರವಿ ಮೂಲೆಗೆ ಕಲ್ಲಿಟ್ಟರೆ ಸಾಕಾಗುತ್ತಿತ್ತು. ಹಿಂಜಿದ್ದು ಗಾಳಿಗೆ ಹಾರಿಹೋಗುತ್ತದೆ. ಅತ್ತಿ ಎರಡೆರಡು ಹಳೆಯ ಸೀರೆಗಳ ನಡುವೆ ಅದನ್ನು ರೊಟ್ಟಿಯಷ್ಟು ತೆಳ್ಳಗೆ ಹರವಿ, ಉದ್ದುದ್ದ ಟಾಕು ಹಾಕಿ ಹೊಲಿದಳು. ಅವನ್ನು ಮಾಳಿಗೆಯ ಮೇಲೆ ಹಗ್ಗ ಕಟ್ಟಿ ನೇತುಹಾಕಿದೆವು. ಬಿಸಿಲು ಸರಿದಂತೆ ನಾವು ಅವುಗಳ ಮಗ್ಗುಲು ಬದಲಿಸಬೇಕಿತ್ತು. ಸಂಜೆ ಕೆಳಗಿಳಿಸಿ, ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ಕೊಡಬೇಕಿತ್ತು. ಪ್ರತಿ ಸಂಜೆಯೂ ಅತ್ತಿ ಮುಖ ಹುದುಗಿಸಿ ಮೂಸುತ್ತಿದ್ದಳು, ಬಾಗಿಲ ಬಳಿ ನಿಂತ ಮುತ್ಯಾ ಕೇಳುತ್ತಿದ್ದ: “ಹೋತೇನವಾ?”

“ಇನ್ನ ಐತಿ, ಅಪ್ಪಾ.”

ಆ ದಿನಗಳಲ್ಲಿ ಮುತ್ಯಾ ಬಿಲ್ಲನ್ನು ಮುಟ್ಟಲಿಲ್ಲ. ಗಿರಾಕಿಗಳು ಬಂದರೆ ಮಣ್ಣಿನ ಕೈ ತೋರಿಸಿ ತಿರುಗಿ ಕಳಿಸುತ್ತಿದ್ದ. ಬಿಲ್ಲಿನ ಸದ್ದಿಲ್ಲದ ಮನೆಯನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ. ಮುಂದೆ ಆ ನಿಶ್ಶಬ್ದವೇ ಶಾಶ್ವತವಾದಾಗ ನನಗೆ ಅದರ ಪರಿಚಯವಿತ್ತು.

ಕಿತ್ತೂರಿನವರು ಬರುವ ದಿನ ಸಮೀಪಿಸಿದಾಗ ಅತ್ತಿ ಮೂಸಿ, ತಲೆಯೆತ್ತಿ, ಮತ್ತೆ ಮೂಸಿದಳು. ನಮ್ಮೆಲ್ಲರ ಮೂಗುಗಳೂ ಆ ವಾಸನೆಯಲ್ಲೇ ಬದುಕಿದ್ದವು. ಅವುಗಳ ಮಾತನ್ನು ಆಕೆ ನಂಬಲಿಲ್ಲ. “ಗಂಗಕ್ಕನ ಕರೀರಿ” ಎಂದಳು. ಗಂಗವ್ವ ಬಂದು, ಕೈ ತೊಳೆದು, ಹೊಲಿಗೆಯ ಒಂದು ಮೂಲೆ ಬಿಚ್ಚಿಸಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಮುತ್ಯಾ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದ.

“ಬಿರ್ಯಾನಿ ಇಲ್ಲಪಾ. ಬರೇ ಬಿಸಲ ಐತಿ” ಎಂದಳು. ಅನಂತರ ಸೆರಗಿನ ಗಂಟು ಬಿಚ್ಚಿ, ತನ್ನ ಹೊಲದ ಒಂದು ಹಿಡಿ ಅರಳೆಯನ್ನು ಅತ್ತಿಯ ಮಡಿಲಿಗೆ ಹಾಕಿದಳು. “ಬೀಜಾ ನಾನ ತಗದೇನಿ. ಮೂಸಿ ನೋಡಿದ್ದಕ್ಕ ಕೂಲಿ ಇಸ್ಕೊಳ್ಳೂದ ಬಿಟ್ಟು ನಾನ ಕೊಟ್ಟ ಹೊಂಟೇನಿ, ನೋಡ್ರಿ ನನ್ನ ಹಣೇಬಾರ!”

ಮುತ್ಯಾ ಬಿಲ್ಲನ್ನು ಹಗ್ಗಕ್ಕೆ ಏರಿಸಿದ. ತಂತಿಯ ಮೊದಲ ನಾದಕ್ಕೆ ಹೊಸ ಸುಣ್ಣದ ಗೋಡೆ ಗುಂಯ್‌ಗುಟ್ಟಿತು. ಆ ಗಾದಿ ಅತ್ತಿಯೊಡನೆ ಕಿತ್ತೂರಿಗೆ ಹೋಯಿತು.

ಮುತ್ಯಾ, ಆಯಿ, ಗಂಗವ್ವ ಒಬ್ಬೊಬ್ಬರಾಗಿ ಹೋದರು. ಯಂತ್ರಗಳು ಬಂದ ಮೇಲೆ ಬಿಲ್ಲು ಮೊದಲು ಮೂಲೆ ಸೇರಿತು, ಆಮೇಲೆ ಅಟ್ಟಕ್ಕೆ ಏರಿತು. ಮನೆ ಮಾರಿದಾಗ ಅದು ಎಲ್ಲಿ ಹೋಯಿತೆಂದು ನಾನು ಎಷ್ಟು ವಿಚಾರಿಸಿದರೂ ಪತ್ತೆಯಾಗಿಲ್ಲ. ಅತ್ತಿ ತೀರಿಕೊಂಡ ಮೇಲೆ ಅವಳ ಮಗ ಆ ಗಾದಿಯನ್ನು ಬಿಚ್ಚಿ ಅರಳೆಯನ್ನು ನಮ್ಮೆಲ್ಲರಿಗೂ ಹಂಚಿದ. ನನ್ನ ಪಾಲಿಗೆ ಬಂದದ್ದು ಒಂದು ದಿಂಬಾಯಿತು. ಈ ಚಳಿಗಾಲ ಪುನುಗುಬೆಕ್ಕು ಮಲಗಿದ್ದು ಅಟ್ಟದಲ್ಲಿಟ್ಟಿದ್ದ ಆ ದಿಂಬಿನ ಮೇಲೆ.

ಪ್ರಾಣಿ ತಾನಾಗಿ ಹೊರಟುಹೋದ ಮೇಲೆ ಗಾರೆ ಕೆಲಸದ ಮೇಸ್ತ್ರಿಯನ್ನು ಕರೆಸಿ, ಅಟ್ಟದ ಮೇಲಿನ ತಗಡಿಗೂ ಗೋಡೆಗೂ ನಡುವಿನ ಸಂದಿಗೆ ಜಾಳಿಗೆ ಬಿಗಿಸಿ ಸಿಮೆಂಟು ಹಾಕಿಸಿದೆ. ಅಟ್ಟವನ್ನು ನಾನೇ ಬೇವಿನ ನೀರಿನಿಂದ ಉಜ್ಜಿದೆ. ಮೇಸ್ತ್ರಿ ದಿಂಬನ್ನು ಎರಡು ಬೆರಳಲ್ಲಿ ಎತ್ತಿ, “ಇದನ್ನ ಒಗದ ಬಿಡ್ರಿ ಬಾಯಾರ, ಹೊಸಾದು ಸಿಗತಾವ” ಎಂದ. “ಮಾಳಗಿ ಮ್ಯಾಲ ಒಯ್ದು ಇಡ್ರಿ” ಎಂದೆ. ಫೋನಿನಲ್ಲಿ ಅಕ್ಕ ಕೇಳಿದ್ದು ಒಂದೇ ಮಾತು: “ಹಿಂಜಿಸಿಲ್ಲಲ್ಲ?”

ಹಿಂಜಿಸಿಲ್ಲ. ನನ್ನದೊಂದು ಹಳೆಯ ಸೀರೆಯ ಎರಡು ಮಡಿಕೆಗಳ ನಡುವೆ ದಿಂಬಿನ ಅರಳೆಯನ್ನು ತೆಳ್ಳಗೆ ಹರವಿ ಟಾಕು ಹಾಕಿದ್ದೇನೆ. ಹಗಲೆಲ್ಲ ಬಿಸಿಲಿನಲ್ಲಿ ಅದರ ಮಗ್ಗುಲು ಬದಲಿಸುತ್ತೇನೆ, ಸಂಜೆ ಲೋಬಾನ ಹಾಕಿ ಮುಖ ಹುದುಗಿಸುತ್ತೇನೆ. ನಿನ್ನೆ ಮೂಗಿಗೆ ಏನೂ ತಾಗಲಿಲ್ಲ. ಆದರೆ ಆ ಮನೆಯನ್ನು ಇಷ್ಟು ನೆನೆದ ಮೂಗನ್ನು ಏಕೈಕ ಸಾಕ್ಷಿಯಾಗಿ ಒಪ್ಪಿಕೊಳ್ಳಲಾರೆ. ಭಾನುವಾರ ಸವದತ್ತಿಯಿಂದ ಅಕ್ಕ ಬರುತ್ತಾಳೆ. ಅವಳು ಮೂಸಿ ಹೇಳುವವರೆಗೆ ಹೊಲಿಗೆ ಬಿಚ್ಚುವುದಿಲ್ಲ.