ಮೊಟ್ಟೆ ಗಾಡಿಯ ಬ್ರೇಕ್

ಕುಕ್ಕುಂದೂರಿನ ಗ್ಲ್ಯಾಡಿಸ್ ಯಾರನ್ನೂ ಸುಲಭದಲ್ಲಿ ನಂಬುವ ಹೆಂಗಸಲ್ಲ. ಮೀನಿನವಳು ಬಂಗುಡೆಯ ಬುಟ್ಟಿ ಇಳಿಸಿದರೆ ಕಿವಿರು ಎತ್ತಿ ನೋಡದೆ ಮಾತಿಗೇ ಇಳಿಯುವುದಿಲ್ಲ. ಅವಳ ಗಂಡ ವಿಲ್ಫ್ರೆಡ್ ಕಾರ್ಕಳದ ಕೋಳಿ ಫಾರಂಗಳಿಂದ ಮೊಟ್ಟೆ ತಂದು ಮಣಿಪಾಲದ ಹಾಸ್ಟೆಲ್ ಮೆಸ್ಸುಗಳಿಗೂ ಕಾಪುವಿನ ಬೇಕರಿಗಳಿಗೂ ಹಾಕುತ್ತಿದ್ದ. ಆರು ವರ್ಷದ ಹಿಂದೆ ಸೊಂಟದ ಡಿಸ್ಕ್ ಜಾರಿ ಸ್ಟೇರಿಂಗ್ ಬಿಡಬೇಕಾಯಿತು. ಸಂಬಳಕ್ಕೆ ಒಬ್ಬ ಡ್ರೈವರನ್ನು ಇಟ್ಟರು. ಅವನು ದಿನವೂ ಇಪ್ಪತ್ತು ಮೊಟ್ಟೆ ಒಡೆಯಿತು ಎನ್ನುತ್ತಿದ್ದ. ನಾಲ್ಕನೆಯ ದಿನ ಗ್ಲ್ಯಾಡಿಸ್ ಕೇಳಿದಳು: "ಒಡೆದದ್ದು ಸರಿ, ಚಿಪ್ಪು ಎಲ್ಲಿ ಉಂಟು?"

ಐದನೆಯ ದಿನ ಅವನು ಕೆಲಸಕ್ಕೆ ಬರಲಿಲ್ಲ. ನಲವತ್ತಮೂರನೆಯ ವಯಸ್ಸಿನಲ್ಲಿ ಗ್ಲ್ಯಾಡಿಸ್ ಡ್ರೈವಿಂಗ್ ಸ್ಕೂಲಿಗೆ ಸೇರಿದಳು.

ಮೊಟ್ಟೆ ಹೇರಿದ ಗಾಡಿಯನ್ನು ಓಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ. ದೂರದಿಂದಲೇ ಅಂದಾಜು ಮಾಡಿ, ಪೆಡಲಿನ ಮೇಲೆ ಕಾಲನ್ನು ಮೆಲ್ಲನೆ ಇಳಿಸುತ್ತ ಬರಬೇಕು. ಗ್ಲ್ಯಾಡಿಸ್ ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ತಿಂಗಳಿಗೆ ಒಂದು ಟ್ರೇ ಒಡೆದರೂ ಅವಳಿಗೆ ಅವಮಾನ. ಕಳೆದ ವರ್ಷ ಹಳೆಯ ಗಾಡಿ ಕೊಟ್ಟು ಹೊಸ ಪಿಕಪ್ ತೆಗೆದುಕೊಂಡರು.

ಒಂದು ಬೆಳಿಗ್ಗೆ ಮಣಿಪಾಲದಲ್ಲಿ ಅರ್ಧ ಲೋಡು ಇಳಿಸಿ, ಉಳಿದದ್ದನ್ನು ಕಾಪುವಿಗೆ ಒಯ್ಯಲೆಂದು ಅವಳು ಉಡುಪಿಯತ್ತ ಇಳಿದಳು. ಕಲ್ಸಂಕದಲ್ಲಿ ವಾಹನಗಳು ನಿಂತಿದ್ದವು. ಎಂದಿನಂತೆ ಕಾಲಿಟ್ಟಳು. ಪೆಡಲ್ ಅರ್ಧದಲ್ಲಿ ನಿಲ್ಲದೆ ಕೆಸರಿಗೆ ಇಳಿದ ಹಾಗೆ ಕೆಳಗೆ ಹೋಯಿತು. ಮುಂದೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಒಂದು ಮಗು ಅವಳನ್ನೇ ನೋಡುತ್ತಿತ್ತು. ಕಾಲೆತ್ತಿ ಮತ್ತೊಮ್ಮೆ ಬಲವಾಗಿ ತುಳಿದಳು. ಬ್ರೇಕ್ ಹಿಡಿಯಿತು. ಸ್ಕೂಟರಿಗೂ ಗಾಡಿಗೂ ನಡುವೆ ಒಂದು ಗೇಣು. ಹಿಂದೆ ಟ್ರೇಗಳು ಒಂದರ ಮೇಲೊಂದು ಬಿದ್ದ ಸದ್ದು ಕೇಳಿಸಿತು.

ಅವಳ ಮೊದಲ ಸಂಶಯ ತಾರಾನಾಥನ ಮೇಲೆ. ಊರಿನಲ್ಲೇ ಗ್ಯಾರೇಜ್ ಇಟ್ಟುಕೊಂಡಿದ್ದ ತಾರಾನಾಥ ಹಿಂದಿನ ವಾರವಷ್ಟೇ ಬ್ರೇಕ್ ಪ್ಯಾಡ್ ಬದಲಿಸಿದ್ದ.

"ಎಂತ ಹಾಕಿದ್ದೀರಿ ನನ್ನ ಗಾಡಿಗೆ?"

"ಕಂಪೆನಿ ಪ್ಯಾಡೇ ಹಾಕಿದ್ದು ಬಾಯಮ್ಮ. ಡಬ್ಬ ನಿಮ್ಮ ಕೈಯಲ್ಲೇ ಕೊಟ್ಟಿದ್ದೇನಲ್ಲ."

ಗಾಡಿಯ ಅಡಿಗೆ ಮಲಗಿ, ನಾಲ್ಕೂ ಚಕ್ರ ನೋಡಿ ಅವನು ಹೊರಗೆ ಬಂದ. ಆಯಿಲ್ ಎಲ್ಲೂ ಸೋರಿಲ್ಲ. "ಮಾಸ್ಟರ್ ಸಿಲಿಂಡರ್ ಒಮ್ಮೆ ಬಿಚ್ಚಿ ನೋಡ್ತೇನೆ. ಕಾಲಿನ ಒತ್ತಡವನ್ನು ಚಕ್ರಕ್ಕೆ ಕಳಿಸುವುದು ಅದೇ. ಒಳಗಿನ ರಬ್ಬರ್ ಹಾಳಾಗಿದ್ದರೆ ಹೊರಗೆ ಕಾಣುವುದಿಲ್ಲ."

ಈಗಷ್ಟೇ ವರ್ಷ ತುಂಬಿದ ಗಾಡಿಯ ಭಾಗ ಬಿಚ್ಚುವುದೆಂದರೇನು? ಹೊಸದನ್ನು ತೆಗೆದು ಹಳೆಯದನ್ನು ಕೂರಿಸುವ ಉಪಾಯ ಎಂದು ಗ್ಲ್ಯಾಡಿಸ್‌ಗೆ ಕಂಡಿತು. "ಬೇಡ" ಎಂದು ಕೀ ಕೈಗೆತ್ತಿಕೊಂಡಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಭಾನುವಾರ ಇಗರ್ಜಿಯ ಅಂಗಳದಲ್ಲಿ, ಹಾಲಿನ ಡೈರಿಯಲ್ಲಿ, ರಿಕ್ಷಾ ಸ್ಟ್ಯಾಂಡಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದಳು: ತಾರಾನಾಥನ ಕೈಗೆ ಗಾಡಿ ಕೊಡುವಾಗ ಜಾಗ್ರತೆ.

ಅವಳು ಗಾಡಿ ಕೊಂಡಿದ್ದ ಉಡುಪಿಯ ಶೋರೂಮಿನಲ್ಲಿ ಸೂಪರ್‌ವೈಸರ್ ಶ್ರವಣ್ ಗಾಡಿಯನ್ನು ರಸ್ತೆಗೆ ಒಯ್ದು, ವೇಗದಲ್ಲಿ ಓಡಿಸಿ, ಗಕ್ಕನೆ ತುಳಿದು ನಿಲ್ಲಿಸಿದ. ಮೂರು ಸಲ. ಮೂರು ಸಲವೂ ಗಾಡಿ ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು.

"ಬ್ರೇಕಿನಲ್ಲಿ ಎಂತದ್ದೂ ತೊಂದರೆ ಇಲ್ಲ ಮೇಡಂ. ನೀವು ಸರಿಯಾಗಿ ಒತ್ತುತ್ತಾ ಇಲ್ಲ. ಲೇಡೀಸ್ ಅಲ್ವಾ, ಕಾಲಿಗೆ ಬಲ ಕಡಿಮೆ ಇರ್ತದೆ."

ಅವಳು ಕೀ ತೆಗೆದುಕೊಂಡು ಹೊರಟಳು. ಆದರೆ ಆ ಮಾತು ಅವಳೊಂದಿಗೆ ಮನೆಗೆ ಬಂತು. ಮುಂದಿನ ಎರಡು ವಾರದಲ್ಲಿ ಪೆಡಲ್ ಮೂರು ಸಲ ಇಳಿಯಿತು. ಉಳಿದ ದಿನ ಏನೂ ಇಲ್ಲ. ವಿಲ್ಫ್ರೆಡ್ ಜಗಲಿಯಲ್ಲಿ ಕುಳಿತು, "ನಿನಗೆ ಆಯಾಸ ಆಗ್ತಾ ಉಂಟಾ?" ಎಂದು ಕೇಳಿದ. ಕೇಳಿದ ರೀತಿ ಅವಳಿಗೆ ಹಿಡಿಸಲಿಲ್ಲ. ಇವನೂ ಹಾಗೇ ತಿಳಿದಿದ್ದಾನೆಯೇ? ಕಡೆಗೆ ಅವಳು ತನ್ನ ಬಲಗಾಲನ್ನೇ ಸಂಶಯದಿಂದ ನೋಡತೊಡಗಿದಳು. ಜೀವನದಲ್ಲಿ ಎಲ್ಲರನ್ನೂ ಅನುಮಾನಿಸಿದವಳಿಗೆ ತನ್ನ ಮೇಲೆ ಅನುಮಾನ ಬಂದದ್ದು ಅದೇ ಮೊದಲು. ಹೊರಡುವ ಮೊದಲು ಪೆಡಲನ್ನು ಎರಡು ಸಲ ಪಟಪಟನೆ ತುಳಿದು ನೋಡುವುದು ಅಭ್ಯಾಸವಾಯಿತು.

ಒಂದು ಬುಧವಾರ ಆದಿ ಉಡುಪಿಯ ಮಾರುಕಟ್ಟೆ ಯಾರ್ಡಿನಲ್ಲಿ ಟ್ರೇ ಇಳಿಸುತ್ತಿದ್ದಾಗ, ಪಕ್ಕದಲ್ಲಿ ಅವಳದ್ದೇ ಮಾದರಿಯ ಪಿಕಪ್ ಇತ್ತು. ಅದರ ಮಾಲಿಕ ಹತ್ತಿ ಕುಳಿತು, ಹೊರಡುವ ಮೊದಲು ಕಾಲನ್ನು ಎರಡು ಸಲ ಪಟಪಟನೆ ಕುಟ್ಟಿದ.

ಗ್ಲ್ಯಾಡಿಸ್ ಟ್ರೇಯನ್ನು ನೆಲಕ್ಕಿಟ್ಟು ಕಿಟಕಿಯ ಹತ್ತಿರ ಹೋದಳು. "ಅಣ್ಣ, ನಿಮ್ಮದೂ ಕೆಳಗೆ ಹೋಗ್ತದಾ?"

ಅವನು ಇಂಜಿನ್ ಬಂದ್ ಮಾಡಿದ. ಹೆಸರು ಸರ್ವೋತ್ತಮ, ಪಡುಬಿದ್ರಿಯವ. ಮಾಗಿದ ಪಪ್ಪಾಯಿ ಹೇರುವವ. "ನಿಮಗೆ ಯಾರು ಹೇಳಿದ್ದು?" ಎಂದು ಅವನೂ ಸಂಶಯದಿಂದಲೇ ಕೇಳಿದ. ಅವನು ಎರಡು ಸಲ ಶೋರೂಮಿಗೆ ಹೋಗಿದ್ದ. ಅವನಿಗೆ ಸಿಕ್ಕ ಉತ್ತರ, ವಯಸ್ಸಾಯಿತಲ್ಲ, ಕಾಲು ನಿಧಾನ.

ಅದೇ ಮಾದರಿಯ ಗಾಡಿ ಇದ್ದವರನ್ನು ಇಬ್ಬರೂ ಸೇರಿ ಹುಡುಕಿದರು. ಜಲ್ಲಿ ಹೇರುವ ಪಿಕಪ್‌ನವರಲ್ಲಿ ಯಾರಿಗೂ ದೂರಿಲ್ಲ. ದೂರು ಇದ್ದದ್ದು ಗಾಜಿನ ಹಲಗೆ ಸಾಗಿಸುವವನಿಗೆ, ಮದುವೆ ಊಟದ ಸಾಂಬಾರಿನ ಕೊಪ್ಪರಿಗೆ ಒಯ್ಯುವವನಿಗೆ. ತಮ್ಮಿಬ್ಬರನ್ನೂ ಸೇರಿಸಿ ಇಂಥವರೇ ಒಟ್ಟು ಏಳು ಮಂದಿ. ಗ್ಲ್ಯಾಡಿಸ್‌ಗೆ ಆಗ ಹೊಳೆಯಿತು: ಇವರೆಲ್ಲ ಮೆಲ್ಲನೆ ಒತ್ತುವವರು. ಮನೆಗೆ ಬಂದು, ಗಾಡಿ ನಿಂತಲ್ಲೇ ಇಂಜಿನ್ ಚಾಲೂ ಮಾಡಿ, ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟು ಕಾದಳು. ಒಂದು ನಿಮಿಷವಾಗುವುದರೊಳಗೆ ಅದು ತಾನಾಗಿಯೇ ತಳಕ್ಕೆ ಹೋಯಿತು. ಗಕ್ಕನೆ ತುಳಿದರೆ ಗಟ್ಟಿ. ಹೊರಗಿನಿಂದ ಇದನ್ನು ನೋಡುತ್ತಿದ್ದ ವಿಲ್ಫ್ರೆಡ್, "ಈಗ ನಾನು ಕೂತ್ಕೊಳ್ತೇನೆ" ಎಂದು ಸೊಂಟ ಹಿಡಿದುಕೊಂಡೇ ಹತ್ತಿ, ತಾನೂ ಒತ್ತಿ ನೋಡಿದ. ಅವನ ಕಾಲಿನ ಕೆಳಗೂ ಇಳಿಯಿತು.

ಅವಳು ಶೋರೂಮಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದಳು. ಶ್ರವಣ್ ಈ ಸಲ ವಾದಿಸದೆ, "ಗಾಡಿ ತನ್ನಿ, ಫ್ರೀಯಾಗಿ ಸರ್ವಿಸ್ ಮಾಡಿ ಕೊಡ್ತೇವೆ" ಎಂದ. ಕೇಳದೆ ಕೊಡುವ ಸರ್ವಿಸ್ ಯಾಕೆ? ಗ್ಲ್ಯಾಡಿಸ್ ಮಗಳು ರೇಚಲ್‌ಳ ನೇಲ್ ಪಾಲಿಶ್ ತೆಗೆದುಕೊಂಡು, ಬಾನೆಟ್ ಎತ್ತಿ, ಮಾಸ್ಟರ್ ಸಿಲಿಂಡರಿನ ಅಡಿಯಲ್ಲಿ ಒಂದು ಕೆಂಪು ಬೊಟ್ಟು ಇಟ್ಟಳು.

ಸಂಜೆ ಗಾಡಿ ತರಲು ಹೋದಾಗ ಕಾಗದದಲ್ಲಿ ಬರೆದಿತ್ತು: ಬ್ರೇಕ್ ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ. ಅವಳು ಅಲ್ಲೇ ಬಾನೆಟ್ ಎತ್ತಿಸಿ, ಬಗ್ಗಿ ನೋಡಿದಳು. ಬೊಟ್ಟು ಇರಲಿಲ್ಲ. ಸಿಲಿಂಡರ್ ಥಳಥಳ ಹೊಳೆಯುತ್ತಿತ್ತು.

"ದೋಷ ಇಲ್ಲದಿದ್ದರೆ ಬದಲಿಸಿದ್ದು ಯಾಕೆ?"

ಶ್ರವಣ್ ಸುತ್ತ ನೋಡಿ ದನಿ ತಗ್ಗಿಸಿದ. "ಮೇಡಂ, ದೂರು ಬಂದ ಗಾಡಿಗೆ ಮಾತ್ರ ಬದಲಿಸಿ ಅಂತ ಮೇಲಿನಿಂದ ಹೇಳಿದ್ದಾರೆ. ಬರೆದು ಕೊಡ್ಲಿಕ್ಕೆ ಇಲ್ಲ. ನಿಮ್ಮದು ಸರಿಯಾಯಿತಲ್ಲ, ಇನ್ನು ಬಿಡಿ."

"ನನ್ನದು ಸರಿಯಾಯಿತು. ದೂರು ಕೊಡದವರದ್ದು?"

ಸೋಮವಾರ ಉಳಿದ ಆರು ಪಿಕಪ್‌ಗಳು ಶೋರೂಮಿನ ಎದುರು ಬಂದು ನಿಂತವು. ಅವಳದ್ದೂ ಜೊತೆಗಿತ್ತು. ಕೂಗಾಟ ಏನೂ ಇಲ್ಲ. ಮ್ಯಾನೇಜರ್ ಹೊರಗೆ ಬಂದಾಗ ಸರ್ವೋತ್ತಮ ತನ್ನ ಗಾಡಿಯ ಬಾಗಿಲು ತೆರೆದು, "ಕೂತ್ಕೊಳ್ಳಿ ಸರ್" ಎಂದ. ಗ್ಲ್ಯಾಡಿಸ್ ಕಿಟಕಿಯ ಹತ್ತಿರ ನಿಂತು, ಹೇಗೆ ಒತ್ತಬೇಕೆಂದು ಹೇಳಿಕೊಟ್ಟಳು. "ತುಳಿಯಬೇಡಿ. ಕೆಳಗೆ ಮೊಟ್ಟೆ ಉಂಟು ಅಂತ ತಿಳಿದು ಇಡಿ."

ಸುತ್ತ ನಿಂತಿದ್ದವರು ಅವನ ಶೂ ನೋಡುತ್ತಿದ್ದರು. ಶೂ ನಿಧಾನಕ್ಕೆ ಕೆಳಗೆ ಹೋಯಿತು. ಮ್ಯಾನೇಜರ್ ಕಾಲೆತ್ತಿ ಮತ್ತೊಮ್ಮೆ ಇಟ್ಟ. ಮತ್ತೆ ಹೋಯಿತು. ಅವನು ಇಳಿದು ಒಳಗೆ ಹೋದವನು ಅರ್ಧ ಗಂಟೆ ಫೋನಿನಲ್ಲಿದ್ದ. ಆ ವಾರದಲ್ಲೇ ಆರು ಗಾಡಿಗೂ ಹೊಸ ಸಿಲಿಂಡರ್ ಬಂತು. ತಿಂಗಳಾದ ಮೇಲೆ ಆ ಮಾದರಿಯ ಗಾಡಿ ಕೊಂಡವರಿಗೆಲ್ಲ ಪತ್ರ ಬಂತು: ಬ್ರೇಕಿನ ಒಂದು ಭಾಗ ಬದಲಿಸಿಕೊಳ್ಳಲು ಬನ್ನಿ.

ಪತ್ರ ಹಿಡಿದುಕೊಂಡು ಅವಳು ತಾರಾನಾಥನ ಗ್ಯಾರೇಜಿಗೆ ಹೋದಳು. ಒಂದೇ ಒಂದು ರಿಕ್ಷಾ ನಿಂತಿತ್ತು. ಮೊದಲು ಅಲ್ಲಿ ಜಾಗ ಸಿಗುತ್ತಿರಲಿಲ್ಲ.

"ತಾರಾನಾಥಣ್ಣ, ನೀವು ಹೇಳಿದ್ದೇ ಸರಿ. ತಪ್ಪು ನನ್ನದು."

ಅವನು ಪತ್ರವನ್ನು ಎರಡು ಸಲ ಓದಿ ಹಿಂದೆ ಕೊಟ್ಟ. "ನನಗೆ ಹೇಳಿ ಎಂತ ಪ್ರಯೋಜನ ಬಾಯಮ್ಮ? ನನಗೆ ಅದು ಮೊದಲೇ ಗೊತ್ತಿತ್ತು."

ಅವಳು ಅಲ್ಲಿಂದ ಡೈರಿಗೆ ಹೋದಳು, ಭಾನುವಾರ ಇಗರ್ಜಿಯ ಅಂಗಳದಲ್ಲಿ ಹೇಳಿದಳು, ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬೊಬ್ಬರನ್ನೇ ಕರೆದು ಪತ್ರ ತೋರಿಸಿದಳು. ಕೆಲವರು ಮರಳಿ ಅವನಲ್ಲಿಗೆ ಹೋದರು. ಕೆಲವರು, "ಆಗ ಹಾಗೆ ಹೇಳಿದಿರಿ, ಈಗ ಹೀಗೆ ಹೇಳ್ತೀರಿ, ಅವನು ಎಂತಾದರೂ ಕೊಟ್ಟನಾ?" ಎಂದು ಅವಳನ್ನೇ ಓರೆಗಣ್ಣಿನಿಂದ ನೋಡಿದರು. ಮರುದಿನ ಮತ್ತೆ ಹೋಗಿ, ಅದೇ ಮಾತನ್ನು ಅವರಿಗೇ ಇನ್ನೊಮ್ಮೆ ಹೇಳಿದಳು.